ಬೆನ್ನಿನ ಪಾಳಿ

ತೆಕ್ಕೆಗೆ ಇನ್ನು ಹದಿನೆಂಟು ಹಗಲು ಉಳಿದಿದೆ ಎಂದು ಕಹಳೆ ಊದಿದ ದಿನವೇ ನಾನು ಊಟ ಅರ್ಧ ಮಾಡಿದೆ. ಹರಕೆಯಲ್ಲ, ವ್ರತವಲ್ಲ. ದ್ಯಾಮವ್ವನಿಗಿಂತ ಹಗುರಾಗಬೇಕಿತ್ತು, ಅಷ್ಟೇ. ದ್ಯಾಮವ್ವ ಎಂದರೆ ಪಕ್ಕದ ಮನೆಯವಳು, ನನ್ನ ಜೋಡಿ. ಎಂಟು ವರ್ಷದಿಂದ ನನ್ನ ಜೊತೆ ಒಂದು ಮಾತೂ ಆಡಿದವಳಲ್ಲ.

ನಮ್ಮ ಊರು ಗಾಳಿಯಲ್ಲಿ ಹೋಗುತ್ತಲೇ ಇರುತ್ತದೆ. ತೊಂಬತ್ತು ಮನೆ, ಒಂದು ಗುಡಿ, ಹಾವಸೆ ಬೆಳೆಯುವ ತೊಟ್ಟಿಗಳು, ಎಲ್ಲವೂ ತಲೆಯ ಮೇಲೆ ಉಬ್ಬಿ ತೇಲುವ ದೊಡ್ಡ ಚೀಲಗಳಿಗೆ ಜೋತುಬಿದ್ದಿವೆ. ಆ ಚೀಲಗಳಿಗೆ ತೇಪೆ ಹಾಕುವುದು ನನ್ನ ಕೆಲಸ. ಕೆಳಗೆ ಏನಿದೆ ಎಂದರೆ ಮೋಡ, ಅದರ ಕೆಳಗೆ ಇನ್ನೊಂದು ಬಣ್ಣದ ಮೋಡ, ಅದರ ಕೆಳಗೆ ಬಿಸಿ ಕತ್ತಲೆ. ನೆಲ ಎನ್ನುವುದು ನಮ್ಮಲ್ಲಿ ಗಾದೆಗಳಲ್ಲಿ ಮಾತ್ರ ಉಳಿದಿದೆ. ನಮ್ಮ ಹಿರೀಕ ಪರ್ವತಪ್ಪನ ಹೆಸರಿನಲ್ಲಿರುವ ಪರ್ವತ ಯಾವ ಸಾಮಾನು ಎಂದು ಅವನಿಗೇ ಗೊತ್ತಿಲ್ಲ, ಆದರೂ ಕೂಗಿದರೆ ಓ ಎನ್ನುತ್ತಾನೆ.

ನಮ್ಮ ಗಾಳಿ ಮೂಡಲಕ್ಕೆ ಓಡುತ್ತದೆ. ನಮ್ಮ ತೆಂಕಲಿಗೆ ಇನ್ನೊಂದು ಗಾಳಿ ಇದೆ, ಅದು ಪಡುವಲಕ್ಕೆ ಓಡುತ್ತದೆ. ಅದರಲ್ಲಿ ಎದುರೂರು ಇದೆ. ಎರಡು ಗಾಳಿಗಳ ನಡುವಿನ ಗೆರೆ ನೆಟ್ಟಗಿರುವುದಿಲ್ಲ, ಅಲೆಯಾಗಿ ಬಳುಕುತ್ತದೆ. ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಅಲೆಯೊಂದು ನಮ್ಮನ್ನು ತೆಂಕಲಿಗೂ ಅವರನ್ನು ಬಡಗಲಿಗೂ ತಂದು ಆ ಗೆರೆಯ ಹತ್ತಿರ ನಿಲ್ಲಿಸುತ್ತದೆ. ಗೆರೆಯ ಮೇಲೆ ಗಾಳಿ ಇರುವುದಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸದ್ದು ಒಮ್ಮೆಲೇ ನಿಂತುಹೋಗುತ್ತದೆ. ಇಪ್ಪತ್ತು ರೊಟ್ಟಿ ಬೇಯುವಷ್ಟು ಹೊತ್ತು ಎರಡೂ ಊರುಗಳು ಎದುರಾಬದುರಾ ನಿಂತಿರುತ್ತವೆ. ಹಗ್ಗ ಎಸೆಯುತ್ತಾರೆ, ರಾಟೆ ಹಾಕುತ್ತಾರೆ, ಬುಟ್ಟಿ ಹೋಗಿಬರುತ್ತದೆ. ಬೀಗರು ಕೂಗಿ ಮಾತಾಡುತ್ತಾರೆ. ಆಮೇಲೆ ಅಲೆ ಇಳಿದು ಇಬ್ಬರನ್ನೂ ಅವರವರ ಗಾಳಿಗೆ ಒಪ್ಪಿಸುತ್ತದೆ. ಇದಕ್ಕೇ ನಾವು ತೆಕ್ಕೆ ಎನ್ನುವುದು.

ಇದರಲ್ಲಿ ಒಂದು ತೊಡಕಿದೆ. ನೋಡುವ ಆಸೆಗೆ ಎಲ್ಲರೂ ಊರಂಚಿನ ತೆಂಕಲ ಕಂಬಿಗೆ ಓಡಿದರೆ ಊರು ಆ ಕಡೆ ವಾಲುತ್ತದೆ. ಅಜ್ಜಂದಿರ ಕಾಲದಲ್ಲಿ ಒಮ್ಮೆ ಹಾಗೆ ವಾಲಿ ಹಾವಸೆ ತೊಟ್ಟಿಗಳೆಲ್ಲ ಬರಿದಾಗಿ ಜನ ಚೀಲದ ತೊಗಲು ಬೇಯಿಸಿ ತಿಂದರಂತೆ. ಅಂದಿನಿಂದ ಜೋಡಿ ಪದ್ಧತಿ ಬಂತು. ಪ್ರತಿ ತೆಕ್ಕೆಗೆ ಮುಂಚೆ ಗುಡಿಯ ಮುಂದಿನ ತೂಗುಹಲಗೆಯ ಎರಡು ತುದಿಗೆ ಇಬ್ಬರನ್ನು ಕೂರಿಸುತ್ತಾರೆ. ಹಲಗೆ ಮಟ್ಟಸವಾಗಿ ನಿಂತರೆ ಇಬ್ಬರೂ ಜೋಡಿ. ಒಬ್ಬರು ಕಂಬಿಗೆ ಹೋಗಿ ನೋಡಿದರೆ ಇನ್ನೊಬ್ಬರು ಬಡಗಲ ಕಟ್ಟೆಯಲ್ಲಿ ಎದುರೂರಿಗೆ ಬೆನ್ನು ಮಾಡಿ ಕೂರಬೇಕು. ಮುಂದಿನ ತೆಕ್ಕೆಗೆ ಅದಲು ಬದಲು. ಒಂದು ಕಣ್ಣಿನ ಪಾಳಿ, ಒಂದು ಬೆನ್ನಿನ ಪಾಳಿ. ಎದುರೂರಿನಲ್ಲೂ ಇದೇ ರೂಢಿ.

ನನ್ನ ಮಗಳು ಸಾತವ್ವ ಇರುವುದು ಎದುರೂರಿನಲ್ಲಿ. ಎಂಟು ವರ್ಷದ ಹಿಂದೆ ಮದುವೆಯಾಗಿ ಬುಟ್ಟಿಯಲ್ಲಿ ಕುಳಿತು ಹೋದಳು. ಅದರ ಮುಂದಿನ ತೆಕ್ಕೆಯಲ್ಲಿ ನನ್ನದು ಕಣ್ಣಿನ ಪಾಳಿ. ಹೊಸ ಸೀರೆ ಉಟ್ಟು, ಎಲ್ಲರನ್ನೂ ನೂಕಿಕೊಂಡು ಕಂಬಿಗೆ ಹೋಗಿ ನಿಂತರೆ ಮಗಳಿಲ್ಲ. ಅಲ್ಲಿಂದ ಯಾರೋ ಕೂಗಿ ಹೇಳಿದರು: "ಸಾತವ್ವಂದು ಬೆನ್ನಿನ ಪಾಳಿ. ಬಸುರಿ ಇದ್ದಾಳ." ನಾಲ್ಕು ನೂರು ಜನರ ಕೂಗಾಟದ ನಡುವೆ ನನಗೆ ಸಿಕ್ಕಿದ್ದು ಅಷ್ಟೇ ಮಾತು. ಆಗಲೇ ಲೆಕ್ಕ ಹೊಳೆಯಿತು. ನಾನು ನೋಡುವಾಗ ಅವಳ ಬೆನ್ನು, ಅವಳು ನೋಡುವಾಗ ನನ್ನ ಬೆನ್ನು. ಯಾರಾದರೊಬ್ಬರು ಪಾಳಿ ಬದಲಿಸದೆ ಹೋದರೆ ಸಾಯುವವರೆಗೂ ಇಷ್ಟೇ.

ಅದರ ಮೇಲೆ ಈ ಸಲ, ಕಹಳೆ ಊದಿದ ದಿನ, ಪರ್ವತಪ್ಪ ಗುಡಿಯ ಮುಂದೆ ನಿಂತು ಇನ್ನೊಂದು ಸುದ್ದಿ ಹೇಳಿದ. ಮೋಡದ ಗಂಟುಗಳನ್ನು ನೋಡಿ ಅಲೆ ಎಷ್ಟು ಎತ್ತರ, ಎಷ್ಟು ಉದ್ದ ಎಂದು ಹೇಳುವುದು ಅವನ ವಿದ್ಯೆ. "ಅಲೆ ಸಣ್ಣಾಗಾಕತ್ತೇತಿ. ಈ ಸಲ ಹಗ್ಗ ಮುಟ್ಟತೇತಿ. ಮುಂದಿನ ಸಲ ಮುಟ್ಟೂದಿಲ್ಲ. ಆಮ್ಯಾಲ ಎದುರೂರು ಬರೇ ಚುಕ್ಕಿ. ನನ್ನ ಮುತ್ಯಾ ಹೇಳ್ತಿದ್ದ, ಅಲೆ ಮಲಗಿದ್ರ ಎರಡು ತಲೆಮಾರು ಏಳೂದಿಲ್ಲಂತ." ಜನ ಕೇಳಿಸಿಕೊಂಡು ಮನೆಗೆ ಹೋದರು. ನಾನು ಮಾತ್ರ ಅಲ್ಲೇ ನಿಂತು ಬೆರಳು ಮಡಿಸಿ ಎಣಿಸಿದೆ. ಇದು ಕೊನೆಯ ತೆಕ್ಕೆ. ಮಗಳದು ಕಣ್ಣಿನ ಪಾಳಿ, ನನ್ನದು ಬೆನ್ನಿನ ಪಾಳಿ.

ಊಟ ಅರ್ಧ ಮಾಡಿದ್ದು ಅದಕ್ಕೇ. ನಾನು ಹಗುರಾಗಿ ಹಲಗೆ ಮಟ್ಟಸವಾಗದಿದ್ದರೆ ಜೋಡಿ ಮುರಿಯುತ್ತದೆ. ಹೊಸ ಜೋಡಿ ಹುಡುಕುತ್ತಾರೆ. ಹೊಸ ಜೋಡಿಗೆ ಕೈಮುಗಿದು ಕಣ್ಣಿನ ಪಾಳಿ ಕೇಳಬಹುದು. ದ್ಯಾಮವ್ವನನ್ನು ಮಾತ್ರ ಕೇಳುವಂತಿರಲಿಲ್ಲ. ಅದರ ಕಾರಣವನ್ನು ಮುಚ್ಚಿಟ್ಟು ಏನು ಮಾಡಲಿ, ಹೇಳಿಬಿಡುತ್ತೇನೆ.

ಸಾತವ್ವ ಬುಟ್ಟಿಯಲ್ಲಿ ಕುಳಿತು ಹೋದ ದಿನ ನನ್ನದು ಬೆನ್ನಿನ ಪಾಳಿ. ಮಗಳು ಹೋಗುತ್ತಿದ್ದಾಳೆ, ಬೆನ್ನು ಮಾಡಿ ಕೂತಿರು ಎಂದರೆ ಯಾವ ತಾಯಿ ಕೂರುತ್ತಾಳೆ? ಎದ್ದು ಓಡಿದೆ. ನಾನೊಬ್ಬಳೇ ಆಗಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ನಾನು ಎದ್ದದ್ದನ್ನು ಕಂಡು ಇನ್ನೂ ಹತ್ತು ಜನ ಎದ್ದರು. ಊರು ವಾಲಿತು, ಹಗ್ಗ ಒಮ್ಮೆ ಸಡಿಲಾಗಿ ಮತ್ತೆ ಜಗ್ಗಿತು. ರಾಟೆ ಹಿಡಿದಿದ್ದ ಬಸಣ್ಣನ ಬಲಗೈ ಅದರೊಳಗೆ ಹೋಯಿತು. ಅವನು ಹಗ್ಗ ಬಿಡಲಿಲ್ಲ, ನನ್ನ ಮಗಳು ದಡ ಮುಟ್ಟಿದಳು. ಹೆಬ್ಬೆರಳೊಂದು ಬಿಟ್ಟು ಉಳಿದ ನಾಲ್ಕೂ ಬೆರಳು ಹೋದವು. ಬಸಣ್ಣ ದ್ಯಾಮವ್ವನ ಗಂಡ. ಊರಿಗೇ ದೊಡ್ಡ ರಾಟೆಗಾರನಾಗಿದ್ದವನು ಈಗ ಕಹಳೆ ಊದುತ್ತಾನೆ. ಅವನು ನನ್ನನ್ನು ಕಂಡರೆ "ಆರಾಮಾ, ಶಂಕ್ರವ್ವ?" ಎನ್ನುತ್ತಾನೆ. ಅವಳು ಬಾಗಿಲು ಮುಚ್ಚುತ್ತಾಳೆ.

ನಮ್ಮೆರಡು ಮನೆಗಳ ನಡುವೆ ಇರುವುದು ತೊಗಲಿನ ಒಂದು ಪರದೆ. ಆಚೆ ರೊಟ್ಟಿ ತಟ್ಟಿದರೆ ಈಚೆ ಎಣಿಸಬಹುದು. ನಾನು ಊಟ ಅರ್ಧ ಮಾಡಿದ ನಾಲ್ಕನೆಯ ಹಗಲಿಗೆ ಆಚೆಯ ತಟ್ಟುವ ಸದ್ದೂ ಅರ್ಧವಾಯಿತು. ಅವಳಿಗೆ ಮೈ ಸರಿಯಿಲ್ಲವೇನೋ ಎಂದುಕೊಂಡೆ. ನಾನು ಬರೇ ಗಂಜಿಗೆ ಇಳಿದೆ. ಆಚೆ ಸದ್ದು ಇನ್ನೂ ಕಡಿಮೆಯಾಯಿತು. ಬಸಣ್ಣನ ಪಾಲಿನ ಮೂರು ರೊಟ್ಟಿ ತಟ್ಟಿ ನಿಲ್ಲುತ್ತಿತ್ತು. ಆದರೂ ನನ್ನ ಮೊಂಡುತನ ನೋಡಿ, ಬಿಡಲಿಲ್ಲ. ಚೀಲದ ಮೇಲೆ ಹತ್ತಿ ಹೊಲಿಯುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು.

ತೂಕದ ದಿನ ಇಬ್ಬರೂ ಹಲಗೆಯ ಮೇಲೆ ಕೂತೆವು. ಅವಳ ಕೊರಳ ಎಲುಬು ಎದ್ದುಕಂಡಿತ್ತು. ನನ್ನದೂ ಹಾಗೇ ಇದ್ದಿರಬೇಕು. ಹಲಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿ ಮಟ್ಟಸವಾಗಿ ನಿಂತಿತು, ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ. ಜನ ನಕ್ಕರು. ದ್ಯಾಮವ್ವ ನನ್ನ ಕಡೆ ನೋಡದೆ ಪರ್ವತಪ್ಪನಿಗೆ ಹೇಳಿದಳು: "ಅಕಿಗೆ ಹೇಳ್ರಿ, ಇವತ್ತಿನಿಂದ ಹೊಟ್ಟಿತುಂಬ ಉಣ್ಣಂತ. ನಾನೂ ಉಣಬೇಕಾಗೇತಿ."

ಆ ದಿನ ಮಾನ ಮರ್ಯಾದೆ ಬದಿಗಿಟ್ಟು ಅವಳ ಬಾಗಿಲಿಗೆ ಹೋದೆ. ಬಸಣ್ಣ ಎದ್ದು ಚಾಪೆ ಹಾಕಿದ. ಅವಳು ಒಲೆಯ ಮುಂದಿನಿಂದ ಕದಲಲಿಲ್ಲ. "ದ್ಯಾಮವ್ವ, ಇದು ಕಡೀ ತೆಕ್ಕೆ. ಪಾಳಿ ಕೊಡು. ಮಗಳ ಮಾರಿ ನೋಡಬೇಕ. ಕೂಸು ಗಂಡೋ ಹೆಣ್ಣೋ ಅನ್ನೂದೂ ಗೊತ್ತಿಲ್ಲ ನನಗ" ಎಂದೆ.

ಅವಳು ಗಂಡನಿಗೆ ಹೇಳಿದಳು: "ಪಾಳಿ ನಂದು ಅಂತ ಹೇಳ್ರಿ."

"ನಿನಗ ಅಲ್ಲಿ ಯಾರದಾರ? ಯಾರನ್ನ ನೋಡಾಕ ಹೋಗ್ತಿ?" ಬಾಯಿ ತಪ್ಪಿ ಬಂದದ್ದಲ್ಲ, ಚುಚ್ಚಬೇಕೆಂದೇ ಅಂದೆ. ಅವಳಿಗೆ ಮಕ್ಕಳಿಲ್ಲ, ಎದುರೂರಿನಲ್ಲಿ ಬಳಗವೂ ಇಲ್ಲ.

ಅವಳು ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಯಾರೂ ಇಲ್ಲಂತ ಹೇಳ್ರಿ. ಯಾರೂ ಇಲ್ದವರಿಗೂ ಪಾಳಿ ಐತಿ ಅಂತ ಹೇಳ್ರಿ. ಅಕಿ ಎಂಟು ವರ್ಷದ ಹಿಂದ ತನ್ನ ಪಾಳಿ ಬಿಟ್ಟು ಎದ್ದಾಗ ಯಾರ್ನೂ ಕೇಳಿರಲಿಲ್ಲ ಅಂತನೂ ಹೇಳ್ರಿ."

ಬಸಣ್ಣ ನನ್ನ ಮುಖ ನೋಡಿದ. ಅವನು ಮತ್ತೆ ಹೇಳುವ ಅಗತ್ಯವಿರಲಿಲ್ಲ. ನಾನು ಚಾಪೆಯ ಮೇಲೆ ಕೂರದೆ ವಾಪಸು ಬಂದೆ. ಮನೆಗೆ ಬಂದು ಅತ್ತೆ. ಅಳುವ ಸದ್ದು ಪರದೆಯಾಚೆ ಕೇಳಿಸುತ್ತದೆಂದು ಗೊತ್ತಿತ್ತು, ಕೇಳಲಿ ಎಂದೇ ಅತ್ತೆ.

ತೆಕ್ಕೆಯ ಹಗಲು ಪರ್ವತಪ್ಪ ನನ್ನ ಹತ್ತಿರ ಬಂದು ಕೆಮ್ಮಿದ. "ಶಂಕ್ರವ್ವ, ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ನಡಕ್ಕ ಹಗ್ಗ ಕಟ್ಟಬೇಕಂತ ಹಿರ್ಯಾರು ಅಂದಾರ." ಹೋದ ಮಾನ ಎಂಟು ವರ್ಷವಾದರೂ ಬಂದಿರಲಿಲ್ಲ. ಬಡಗಲ ಕಟ್ಟೆಯಲ್ಲಿ ಇನ್ನೂರು ಜನ ಬೆನ್ನು ಮಾಡಿ ಕೂತಿದ್ದರು, ಕಟ್ಟುವುದು ನನ್ನೊಬ್ಬಳನ್ನೇ. ಕಟ್ಟಲು ಹಗ್ಗ ತಂದವನು ಬಸಣ್ಣ. ಗೂಟಕ್ಕೆ ಒಂದು ತುದಿ ಬಿಗಿದು, ಇನ್ನೊಂದನ್ನು ನನ್ನ ಸೊಂಟಕ್ಕೆ ಸುತ್ತಿ, ಎಡಗೈಯಿಂದ ಎಳೆದು, ಬಲಗೈಯ ಹೆಬ್ಬೆರಳಿನಿಂದ ಒತ್ತಿ ಹಿಡಿದು ಗಂಟು ಹಾಕಿದ. ಹೊಲಿಗೆಯವಳ ಕಣ್ಣು ನನ್ನದು. ಆ ಗಂಟನ್ನು ಮಗು ಕೂಡ ಬಿಚ್ಚಬಹುದಿತ್ತು.

"ನನ್ನ ಕೈಗೆ ಇಷ್ಟ ಬರೂದು" ಎಂದ ಅವನು. "ಏಳಬೇಕು ಅನಿಸಿದ್ರ ಬಿಚ್ಚಕೋ, ತಂಗಿ." ಹಾಗೆಂದು ಕಹಳೆ ತೆಗೆದುಕೊಂಡು ಕಂಬಿಯ ಕಡೆ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಅಲೆ ಬಂತು. ಮೊದಲು ಊರು ಮೇಲಕ್ಕೆ ಏರಿ ಕಿವಿ ಕಟ್ಟಿತು. ಚೀಲಗಳು ಕಿರುಗುಟ್ಟಿದವು. ಆಮೇಲೆ ಸದ್ದೆಲ್ಲ ನಿಂತಿತು. ನನ್ನ ಎದುರಿಗೆ ನಮ್ಮ ಗಾಳಿಯ ಕಂದು ಮೋಡಗಳು ದೂರದಲ್ಲಿ ಓಡುತ್ತಿದ್ದವು, ಇಲ್ಲಿ ದೀಪದ ಕುಡಿಯೂ ಅಲುಗುತ್ತಿರಲಿಲ್ಲ. ಬೆನ್ನ ಹಿಂದೆ ಕೂಗಾಟ ಶುರುವಾಯಿತು. ಹೆಸರುಗಳು, ಅಳು, ನಗು, ಯಾರೋ ಸತ್ತ ಸುದ್ದಿ, ಯಾರದೋ ಮದುವೆ. ಹಗ್ಗ ಹಾರಿದ ಸದ್ದು, ರಾಟೆಯ ಸದ್ದು. ಅಷ್ಟರಲ್ಲಿ ಎದುರೂರಿನಿಂದ ಒಂದು ಗಂಡು ಗಂಟಲು ಎಲ್ಲವನ್ನೂ ಮೀರಿ ಕೂಗಿತು: "ಬುಟ್ಟಿ ಬಿಡಾಕತ್ತೀವಿ. ಸಾತವ್ವ ಕುಂತಾಳ. ಅವ್ವಗ ಕೂಸು ತೋರಿಸಿ ತಿರುಗಿ ಬರ್ತಾಳ. ಸಾವಕಾಶ ಜಗ್ಗರಿ."

ನನ್ನ ಕೈ ಗಂಟಿನ ಮೇಲೆ ಹೋಯಿತು. ಹೋಯಿತು ಎಂದೇ ಹೇಳುತ್ತೇನೆ, ಸುಳ್ಳೇಕೆ? ಅವಳು ನನ್ನ ಪಾಳಿ ತಿಳಿದಿದ್ದಳು. ನಾನು ಕಂಬಿಗೆ ಬರಲಾರೆ ಎಂದು ತಿಳಿದೇ, ಕಟ್ಟೆಯವರೆಗೆ ತಾನೇ ನಡೆದು ಬರಲು ಹೊರಟಿದ್ದಳು. ನಾನು ಕೂತಿದ್ದರೆ ಸಾಕಿತ್ತು. ಕೂತಿರುವುದೇ ನನ್ನ ಕೆಲಸವಾಗಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕ ನನ್ನ ಕೈಯನ್ನೇ ನೋಡುತ್ತಿದ್ದ.

ರಾಟೆ ತಿರುಗುತ್ತಿತ್ತು. ನಾನು ಅದರ ಸುತ್ತು ಎಣಿಸತೊಡಗಿದೆ. ಇಪ್ಪತ್ತಾಯಿತು, ಮೂವತ್ತಾಯಿತು. ಆಗ ಕಂಬಿಯ ಕಡೆಯಿಂದ ಪರ್ವತಪ್ಪನ ದನಿ ಬಂತು: "ಸುಳಿ. ನಡುವ ಸುಳಿ ಎದ್ದೇತಿ." ಗೆರೆಯ ಮೇಲೆ ಒಮ್ಮೊಮ್ಮೆ ಹೀಗೆ ಎರಡು ಗಾಳಿಗಳು ಉಜ್ಜಿ ಸುಳಿ ಹುಟ್ಟುತ್ತದೆ. ನಮ್ಮ ಜನ ಏನು ಮಾಡಿದರು? ಬುಟ್ಟಿಗೆ ಏನಾಯಿತೋ ನೋಡಲು ಕಂಬಿಯ ಮೇಲೆ ಇನ್ನೂ ಬಗ್ಗಿದರು. ಹಿಂದಿನ ಸಾಲಿನವರು ಮುಂದಿನವರ ಮೇಲೆ ಬಿದ್ದರು. ಕಟ್ಟೆ ನನ್ನ ಕೆಳಗೆ ಮೆಲ್ಲಗೆ ಎದ್ದಿತು. ಊರು ತೆಂಕಲಿಗೆ ವಾಲುತ್ತಿತ್ತು.

"ಹಗ್ಗ ಸಡ್ಲಾತು. ಬುಟ್ಟಿ ಇಳ್ಯಾಕತ್ತೇತಿ. ಹಿಂದಕ ನಡೀರಿ, ಎಲ್ಲಾರೂ ಹಿಂದಕ ನಡೀರಿ" ಎಂದು ಪರ್ವತಪ್ಪ ಕೂಗುತ್ತಿದ್ದ. ಒಬ್ಬರೂ ಕದಲಲಿಲ್ಲ. ಕೊನೆಯ ತೆಕ್ಕೆ, ಎದುರಿಗೆ ಅವರವರ ಮಗಳು, ತಂಗಿ, ಅಣ್ಣ. ಯಾರು ಕಂಬಿ ಬಿಡುತ್ತಾರೆ? ನಾನು ಬಯ್ಯುವ ಹಾಗಿರಲಿಲ್ಲ. ಎಂಟು ವರ್ಷದ ಹಿಂದೆ ನಾನು ಮಾಡಿದ್ದನ್ನೇ ಇಡೀ ಊರು ಮಾಡುತ್ತಿತ್ತು. ಕಟ್ಟೆಯ ಮೇಲಿದ್ದ ನೀರಿನ ಚೊಂಬು ಉರುಳಿ ನನ್ನನ್ನು ದಾಟಿ ಕಂಬಿಯ ಕಡೆ ಹೋಯಿತು. ನಾನು ಎರಡೂ ಕೈಯಿಂದ ಗೂಟ ಹಿಡಿದುಕೊಂಡೆ. ತಿರುಗಿ ನೋಡಲಿಲ್ಲ. ತಿರುಗಿದರೆ ಏಳುತ್ತೇನೆ, ಎದ್ದರೆ ನನ್ನ ಹಿಂದೆ ಹತ್ತು ಜನ ಏಳುತ್ತಾರೆ, ಮಗಳು ಕೆಳಗೆ ಹೋಗುತ್ತಾಳೆ. ಒಂದೇ ಸಮನೆ "ಕುಂದ್ರು, ಕುಂದ್ರು" ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹಲಗೆಯ ಮೇಲೆ ಹೆಜ್ಜೆ ಸದ್ದು ಕೇಳಿತು. ಒಬ್ಬರದೇ ಹೆಜ್ಜೆ. ಏರುಮುಖವಾಗಿದ್ದ ಊರನ್ನು ಹತ್ತಿಕೊಂಡು, ಏದುಸಿರು ಬಿಡುತ್ತ, ಯಾರೋ ಬಂದು ನನ್ನ ಪಕ್ಕ ಧೊಪ್ಪನೆ ಕೂತರು. ಹಾವಸೆ ರೊಟ್ಟಿಯ ಹೊಗೆ ವಾಸನೆ. ದ್ಯಾಮವ್ವ.

"ಏಳಬ್ಯಾಡ" ಎಂದಳು. ಎಂಟು ವರ್ಷದಲ್ಲಿ ನನಗೆ ಹೇಳಿದ ಮೊದಲ ಮಾತು. ಆಮೇಲೆ ಕತ್ತು ತಿರುಗಿಸಿ ಕಂಬಿಯವರಿಗೆ ಕೂಗಿದಳು: "ನಾ ಬಂದು ಕುಂತೀನಿ. ಶಂಕ್ರವ್ವನ ಮ್ಯಾಲ ನನಗಿಂತ ಸಿಟ್ಟಿದ್ದವರು ಯಾರರೆ ಇದ್ರ ಅಲ್ಲೇ ನಿಂದರ್ರಿ. ಉಳಿದವರು ಬರ್ರಿ."

ಹೆಜ್ಜೆಗಳು ಬಂದವು. ಮೊದಲು ಎರಡು, ಆಮೇಲೆ ಐದಾರು, ಆಮೇಲೆ ಲೆಕ್ಕವಿಲ್ಲದಷ್ಟು. ಕಟ್ಟೆ ಇಳಿಯಿತು. ಹಗ್ಗ ಬಿಗಿದ ಸದ್ದು ಕೇಳಿತು. ಆದರೆ ಹೊತ್ತು ಮುಗಿದಿತ್ತು. ಕಿವಿಯಲ್ಲಿ ಗಾಳಿಯ ಸದ್ದು ಸಣ್ಣಗೆ ಶುರುವಾಗಿತ್ತು. ಬುಟ್ಟಿ ಇನ್ನೂ ಅವರ ಕಡೆಗೇ ಹತ್ತಿರವಿದೆ ಎಂದು ಯಾರೋ ಹೇಳಿದರು. ಪರ್ವತಪ್ಪ ಕಂಬಿಯಿಂದಲೇ ನನ್ನನ್ನು ಕೂಗಿ ಕೇಳಿದ, ಇಡೀ ಊರಿನ ಮುಂದೆ ಕೇಳಿದ: "ಶಂಕ್ರವ್ವ, ಹಗ್ಗ ಬಿಡ್ಲಾ? ಅವರು ಜಗ್ಗಿಕೊಂತಾರ. ನಾವು ಜಗ್ಗಿದ್ರ ಮುಟ್ಟತೇತೋ ಇಲ್ಲೋ ಹೇಳಾಕ ಆಗೂದಿಲ್ಲ."

ಹಿಡಿ ಎಂದರೆ ಹಿಡಿಯುತ್ತಿದ್ದರು. ದ್ಯಾಮವ್ವ ನನ್ನ ಕೈ ಹಿಡಿದಿದ್ದಳು.

"ಬಿಡ್ರಿ" ಎಂದೆ.

ಗಾಳಿ ಜೋರಾಯಿತು. ಬಹಳ ಹೊತ್ತಾದ ಮೇಲೆ, ಗಾಳಿಯೊಳಗಿಂದ, ಎದುರೂರಿನ ತಮಟೆ ಮೂರು ಸಲ ಕೇಳಿಸಿತು. ಬುಟ್ಟಿ ದಡ ಸೇರಿದರೆ ಮೂರು ಪೆಟ್ಟು, ಅದು ಅಜ್ಜಂದಿರ ಕಾಲದಿಂದ ಬಂದ ಸನ್ನೆ. ಬಸಣ್ಣ ಕಹಳೆ ಊದಿದ. ಆಗ ನಾನು ತಿರುಗಿದೆ. ಕಂಬಿಯಾಚೆ ಬಿಳಿ ಮೋಡ ಬಿಟ್ಟು ಏನೂ ಇರಲಿಲ್ಲ. ಗಂಟು ಬಿಚ್ಚಲು ಹೋದರೆ ಅದು ಯಾವಾಗಲೋ ತಾನೇ ಬಿಚ್ಚಿಹೋಗಿತ್ತು.

ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನೋಡಿದೆ ನಾ" ಎಂದಳು. "ಸಾತಿನ್ನ ನೋಡಿದೆ. ದುಂಡಗಾಗ್ಯಾಳ. ಕೂಸು ಹೆಣ್ಣು. ನಿನ್ನಂಗ ಮೊಂಡ ಮೂಗು." ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಎಳೆದುಕೊಂಡು ಎದ್ದು ಹೋದಳು.

ಅಂದಿನಿಂದ ಪರದೆಯ ಒಂದು ಮೂಲೆ ಎತ್ತಿ ಕಟ್ಟಿದ್ದೇವೆ. ರೊಟ್ಟಿ ತಟ್ಟುವಾಗ ಅವಳು ಹೇಳುತ್ತಾಳೆ, ನಾನು ಕೇಳುತ್ತೇನೆ. ಸಾತವ್ವ ಹಸಿರು ಸೀರೆ ಉಟ್ಟಿದ್ದಳು. ಕೂಸಿನ ಕೈಯಲ್ಲಿ ಬಳೆ ಇತ್ತು. ಬುಟ್ಟಿ ಅಲುಗಿದಾಗ ಕೂಸು ಹೆದರಲಿಲ್ಲ, ನಕ್ಕಿತು. ಹೀಗೆ ದಿನಕ್ಕೊಂದು. ಕೇಳಿ ಕೇಳಿ ನನಗೆ ಅವರಿಬ್ಬರೂ ಒಳಗಿನ ಕೋಣೆಯಲ್ಲೇ ಇದ್ದಾರೆ ಎನ್ನಿಸುತ್ತದೆ.

ಮೊನ್ನೆ ಚೀಲದ ಮೇಲೆ ತೇಪೆ ಹಾಕುವಾಗ ಪರ್ವತಪ್ಪ ಕೆಳಗಿನಿಂದ ಮಾತಿಗೆ ನಿಂತ. ಮೋಡದೊಳಗಿನ ಗಂಟು ಎಣಿಸುವ ಕಣ್ಣು ಅವನದು. "ಕಡೀತನಕ ಕಂಬಿ ಹಿಡಕೊಂಡ ನಿಂತಿದ್ದೆ ನಾ" ಎಂದ. "ಎರಡು ತಲಿ ಕಂಡವು, ಒಂದು ದೊಡ್ಡದು, ಒಂದು ಸಣ್ಣದು. ಸುಳ್ಯಾಗ ಅಷ್ಟ ಕಂಡದ್ದು. ಮಾರಿ ಯಾರಿಗೂ ಕಾಣಲಿಲ್ಲ, ಶಂಕ್ರವ್ವ. ನನಗ ಕಂಡಿದ್ರ ನಿನಗ ಹೇಳ್ತಿದ್ದೆ."

ನಾನು ಸೂಜಿಯನ್ನು ತೇಪೆಯಲ್ಲೇ ಚುಚ್ಚಿಟ್ಟೆ. ದ್ಯಾಮವ್ವ ಎಲ್ಲರಿಗಿಂತ ಮೊದಲು ಕಂಬಿ ಬಿಟ್ಟವಳು. ಬುಟ್ಟಿ ಆಗಿನ್ನೂ ನಡುವಿಗೂ ಬಂದಿರಲಿಲ್ಲ. ಅವಳು ನನ್ನ ಮಗಳಿಗೆ ಬೆನ್ನು ಮಾಡಿ ನಡೆದು ಬಂದಿದ್ದಳು.

ಈ ಹೊತ್ತು ಅವಳು ರೊಟ್ಟಿ ತಟ್ಟುತ್ತ ನೆನಪಾದವಳಂತೆ ಕೈ ನಿಲ್ಲಿಸಿದಳು. "ಒಂದು ಹೇಳೂದ ಮರ್ತಿದ್ದೆ ನೋಡು. ಸಾತಿ ಕೂಸಿಗೆ ಬಿಗಿ ಹಿಡಕೋ ಅಂತ ಕೂಗಿದ್ಲು. ಶಂಕ್ರೀ ಅಂತ ಕೂಗಿದ್ಲು. ನಿನ್ನ ಹೆಸರ ಇಟ್ಟಾಳ."

ನಾನು ಹಿಟ್ಟಿನ ಪರಾತವನ್ನು ಅವಳ ಕಡೆ ಸರಿಸಿದೆ.

"ಹೌದಾ" ಎಂದೆ. "ಆಮ್ಯಾಲ? ಕೂಸು ಏನಂತು?"